ನಗುವವರು ಯಾರು, ನಗೆಪಾಟಲಾಗುವವರು ಯಾರು?

ದಲಿತ ವಿಮರ್ಶೆ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಾವ್ಯ, ಕತೆ, ಆತ್ಮಕತೆ. ನೋವು, ಸಿಟ್ಟು, ಅವಮಾನಗಳ ಬಗ್ಗೆ ನಾವು ಸಾಕಷ್ಟು ಚರ್ಚಿಸಿದ್ದೇವೆ. ನಗುವಿನ ಬಗ್ಗೆ ಚರ್ಚಿಸಿದ್ದು ಕಡಿಮೆ. ಅದರಲ್ಲೂ ಟಿ.ವಿ. ಹಾಸ್ಯ ಅಂದರೆ 'ಅದೆಲ್ಲಾ ಟೈಂಪಾಸು' ಅಂತ ಪಕ್ಕಕ್ಕಿಡುವುದೇ ರೂಢಿ. ನಾನು ಪಾಠ ಹೇಳುವ ಕಾಲೇಜಿನ ಹುಡುಗ ಹುಡುಗಿಯರು ಒಂದು ವರ್ಷದಲ್ಲಿ ಓದುವ ಕವಿತೆಗಳಿಗಿಂತ ಹೆಚ್ಚಿನ ಹಾಸ್ಯದ ತುಣುಕುಗಳನ್ನು ಒಂದೇ ವಾರದಲ್ಲಿ ಮೊಬೈಲಿನಲ್ಲಿ ನೋಡಿ ಮುಗಿಸುತ್ತಾರೆ. ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವ ಅಭ್ಯಾಸ ನಗುನಗುತ್ತಲೇ ಮೈಗೆ ಹತ್ತುತ್ತದೆ ಎನ್ನುವುದಾದರೆ, ಈ ನಗುವನ್ನು ಓದುವ ವಿಧಾನವೊಂದನ್ನು ನಾವು ಕಲಿಯಲೇಬೇಕು.

ತರಗತಿಯಲ್ಲಿ ಈ ಮಾತು ಎತ್ತಿದರೆ ಬರುವ ಪ್ರಶ್ನೆ ಒಂದೇ: "ಸಾರ್, ಜೋಕು ಅಂದ್ರೆ ಜೋಕು. ಅದ್ರಲ್ಲೂ ಜಾತಿ ಹುಡುಕ್ತೀರಲ್ಲ?" ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕೇಳುವವರಲ್ಲಿ ದಲಿತ ವಿದ್ಯಾರ್ಥಿಗಳೂ ಇರುತ್ತಾರೆ. ಇದಕ್ಕೆ ಉತ್ತರ ಹುಡುಕುತ್ತಾ ನಾನು ಓದಿದ್ದು ಅಮೆರಿಕದ ಟಿ.ವಿ. ಹಾಸ್ಯ ಮತ್ತು ಕಪ್ಪು ಜನರ ಚರಿತ್ರೆಯನ್ನು ಕುರಿತ ಕೆಲವು ಪುಸ್ತಕಗಳನ್ನು. ಅಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳಬಹುದು. ಆ ದಾರಿ ನಾನು ಹೊಸದಾಗಿ ಕಡಿದದ್ದಲ್ಲ. 1946ರಲ್ಲಿ ಬಾಬಾಸಾಹೇಬರು ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ದು ಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಅಲ್ಲಿನ ಕಪ್ಪು ಜನ ಸಲ್ಲಿಸಿದ್ದ ಮನವಿಯ ಬಗ್ಗೆ ವಿಚಾರಿಸಿದ್ದರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಪಡೆದದ್ದು ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ.

ಮೊದಲು ಹಿನ್ನೆಲೆ. ಮೆಲ್ ವಾಟ್ಕಿನ್ಸ್ ಅವರ 'ಆನ್ ದಿ ರಿಯಲ್ ಸೈಡ್' (1994) ಗುಲಾಮಗಿರಿಯ ಕಾಲದಿಂದ ಮೊದಲ್ಗೊಂಡು ಕಪ್ಪು ಜನರ ಹಾಸ್ಯದ ಚರಿತ್ರೆಯನ್ನು ಹೇಳುವ ದೊಡ್ಡ ಪುಸ್ತಕ. ಅದನ್ನು ಓದಿದರೆ ಎರಡು ಬಗೆಯ ನಗು ಕಾಣುತ್ತದೆ. ಒಂದು, ಕಪ್ಪು ಜನ ತಮ್ಮತಮ್ಮೊಳಗೆ ನಕ್ಕ ನಗು. ಧಣಿಯನ್ನು ಆಡಿಕೊಂಡು ಬದುಕು ಸಹ್ಯ ಮಾಡಿಕೊಂಡ ನಗು. ಇನ್ನೊಂದು, ಬಿಳಿಯರ ಎದುರು ಮುಖವಾಡ ಹಾಕಿಕೊಂಡು ಒಪ್ಪಿಸಿದ ನಗು. 19ನೇ ಶತಮಾನದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ 'ಮಿನ್‌ಸ್ಟ್ರೆಲ್' ಆಟಗಳು ಅಮೆರಿಕದ ಅತ್ಯಂತ ಜನಪ್ರಿಯ ಮನರಂಜನೆಯಾದವು. ಆ ಆಟದ ಒಂದು ಪಾತ್ರದ ಹೆಸರು 'ಜಿಮ್ ಕ್ರೋ'. ಮುಂದೆ ಕಪ್ಪು ಜನರನ್ನು ಶಾಲೆ, ರೈಲು, ಹೋಟೆಲುಗಳಲ್ಲಿ ಬೇರೆ ಕೂರಿಸಿದ ಕಾನೂನುಗಳಿಗೆ ಅಂಟಿಕೊಂಡದ್ದೂ ಇದೇ ಹೆಸರು. ಅಸ್ಪೃಶ್ಯತೆಯ ಕಾನೂನಿಗೆ ಒಂದು ಜೋಕಿನ ಹೆಸರು! 'ಜೋಕು ಅಂದ್ರೆ ಜೋಕು' ಅನ್ನುವವರಿಗೆ ಈ ಒಂದು ಸಂಗತಿಯನ್ನು ಮೊದಲು ಹೇಳಬೇಕು.

ಈ ಮಸಿ ರೇಡಿಯೋಗೆ ಬಂದಾಗ ಧ್ವನಿಯಾಯಿತು. 1928ರಲ್ಲಿ ಶಿಕಾಗೋದಲ್ಲಿ ಶುರುವಾದ 'ಏಮಾಸ್ ಅಂಡ್ ಆಂಡಿ' ದಕ್ಷಿಣದಿಂದ ಉತ್ತರದ ಪಟ್ಟಣಕ್ಕೆ ವಲಸೆ ಬಂದ ಇಬ್ಬರು ಕಪ್ಪು ಗೆಳೆಯರ ಕತೆ. ಆ ಮಾತುಗಳನ್ನು ಬರೆದು ಆಡುತ್ತಿದ್ದವರು ಫ್ರೀಮನ್ ಗಾಸ್ಡನ್ ಮತ್ತು ಚಾರ್ಲ್ಸ್ ಕೊರೆಲ್ ಎಂಬ ಇಬ್ಬರು ಬಿಳಿಯರು. ಅದರ ಜನಪ್ರಿಯತೆ ಎಷ್ಟಿತ್ತೆಂದರೆ, ಕಾರ್ಯಕ್ರಮದ ಹೊತ್ತಿಗೆ ಸಿನಿಮಾ ಮಂದಿರಗಳು ಚಿತ್ರ ನಿಲ್ಲಿಸಿ ರೇಡಿಯೋ ಕೇಳಿಸುತ್ತಿದ್ದವು. ಮೆಲ್ವಿನ್ ಪ್ಯಾಟ್ರಿಕ್ ಈಲಿ ಅವರು 1991ರಲ್ಲಿ ಪ್ರಕಟಿಸಿದ ಪುಸ್ತಕ ಪೂರ್ತಿ ಈ ಒಂದು ಕಾರ್ಯಕ್ರಮದ ಸಾಮಾಜಿಕ ಚರಿತ್ರೆ. ಆ ಪುಸ್ತಕ ನನಗೆ ಮುಖ್ಯವಾದದ್ದು ಅದು ತೆರೆದಿಡುವ ಒಂದು ಇಕ್ಕಟ್ಟಿನಿಂದ. 1931ರಲ್ಲಿ 'ಪಿಟ್ಸ್‌ಬರ್ಗ್ ಕುರಿಯರ್' ಎಂಬ ಕಪ್ಪು ಜನರ ಪತ್ರಿಕೆ ಈ ಕಾರ್ಯಕ್ರಮ ನಿಲ್ಲಿಸಬೇಕೆಂದು 10 ಲಕ್ಷ ಸಹಿ ಸಂಗ್ರಹಕ್ಕೆ ಕರೆ ಕೊಟ್ಟಿತು. ಅದೇ ವರ್ಷ 'ಶಿಕಾಗೋ ಡಿಫೆಂಡರ್' ಎಂಬ ಇನ್ನೊಂದು ಕಪ್ಪು ಪತ್ರಿಕೆ ಮಕ್ಕಳಿಗಾಗಿ ನಡೆಸಿದ ಉತ್ಸವಕ್ಕೆ ಅದೇ ಗಾಸ್ಡನ್, ಕೊರೆಲ್‌ರನ್ನು ಅತಿಥಿಗಳಾಗಿ ಕರೆಯಿತು. ಅವಮಾನಕ್ಕೆ ಒಳಗಾದವರೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಾರೆ ಎಂದು ನಂಬುವ ವಿಮರ್ಶೆ ಇಲ್ಲಿ ಎಡವುತ್ತದೆ. ಸಹಿ ಹಾಕಿದವರೂ ಇದ್ದರು, ನಕ್ಕವರೂ ಇದ್ದರು, ನಕ್ಕು ಆಮೇಲೆ ಸಹಿ ಹಾಕಿದವರೂ ಇದ್ದಿರಬೇಕು.

1951ರಲ್ಲಿ ಸಿ.ಬಿ.ಎಸ್. ವಾಹಿನಿ ಇದನ್ನು ಟಿ.ವಿ.ಗೆ ತಂದಾಗ ಕಪ್ಪು ಕಲಾವಿದರೇ ನಟಿಸಿದರು. ದು ಬಾಯ್ಸ್ ಕಟ್ಟಿದವರಲ್ಲಿ ಒಬ್ಬರಾಗಿದ್ದ ಎನ್.ಎ.ಎ.ಸಿ.ಪಿ. ಸಂಘಟನೆ ಪ್ರತಿಭಟನೆಗಿಳಿಯಿತು. ಇದರಲ್ಲಿ ಕಪ್ಪು ವಕೀಲ ಅಂದರೆ ಮೋಸಗಾರ, ಕಪ್ಪು ವೈದ್ಯ ಅಂದರೆ ನಕಲಿ ಎಂಬಂತೆ ತೋರಿಸುತ್ತಾರೆ; ಬಿಳಿಯರಿಗೆ ಕಪ್ಪು ಜನರ ಬದುಕು ಗೊತ್ತಿರುವುದೇ ಇಷ್ಟಾಗಿಬಿಡುತ್ತದೆ ಎಂಬುದು ಅದರ ವಾದ. ಇನ್ನೊಂದು ಕಡೆ ಕೆಲವು ಕಪ್ಪು ಕಲಾವಿದರು, 'ಇದನ್ನೂ ನಿಲ್ಲಿಸಿದರೆ ನಮಗೆ ಕೆಲಸ ಎಲ್ಲಿ?' ಎಂಬ ನಿಲುವು ತಳೆದರು. 1953ರಲ್ಲಿ ಧಾರಾವಾಹಿ ನಿಂತಿತು. ಮರುಪ್ರಸಾರ 1966ರವರೆಗೂ ನಡೆಯಿತು. ಮಾನ ಮತ್ತು ಅನ್ನ ಎದುರುಬದುರು ನಿಂತಾಗ ವಿಮರ್ಶಕ ಯಾರ ಪಕ್ಕ ನಿಲ್ಲಬೇಕು? ಹೊಟ್ಟೆ ತುಂಬಿದವರು ಕೊಡುವ ಉತ್ತರ ಸುಲಭದ್ದು. ನನ್ನ ಗ್ರಹಿಕೆಯಲ್ಲಿ, ನಟನನ್ನು ದೂರುವ ಮುಂಚೆ ಆ ಎರಡೇ ಆಯ್ಕೆಗಳನ್ನು ಅವನ ಮುಂದಿಟ್ಟ ವಾಹಿನಿಯನ್ನೂ, ಜಾಹೀರಾತುದಾರರನ್ನೂ ಪ್ರಶ್ನಿಸಬೇಕು.

ಇನ್ನು ನೋಡುಗರ ವಿಷಯ. 1971ರಲ್ಲಿ ಶುರುವಾದ 'ಆಲ್ ಇನ್ ದಿ ಫ್ಯಾಮಿಲಿ'ಯ ನಾಯಕ ಆರ್ಚೀ ಬಂಕರ್ ಜನಾಂಗದ್ವೇಷವನ್ನೇ ಉಸಿರಾಡುವ ಬಿಳಿಯ. ಅವನನ್ನು ನಗೆಪಾಟಲು ಮಾಡಿ ದ್ವೇಷವನ್ನು ಬಯಲಿಗೆಳೆಯುವುದು ನಿರ್ಮಾಪಕರ ಉದ್ದೇಶ. ಸದುದ್ದೇಶವೇ. 1974ರಲ್ಲಿ ವಿಡ್ಮರ್ ಮತ್ತು ರೋಕೀಚ್ ಎಂಬ ಇಬ್ಬರು ಸಂಶೋಧಕರು ನೋಡುಗರನ್ನೇ ಕೇಳಿ ನೋಡಿದರು. ಪೂರ್ವಗ್ರಹ ಹೆಚ್ಚಿರುವವರು ಆರ್ಚೀಯನ್ನು ನೋಡಿ ನಗುವುದರ ಬದಲು ಅವನ ಜೊತೆ ಸೇರಿ ನಗುತ್ತಿದ್ದರು. ಅವನದೇ ಸರಿ ಎನ್ನುತ್ತಿದ್ದರು. ಬರೆದವನ ಮನಸ್ಸು ಶುದ್ಧವಿದೆ ಎನ್ನುವುದು ಪಠ್ಯಕ್ಕೆ ಸಿಗುವ ಸರ್ಟಿಫಿಕೇಟು ಆಗಲಾರದು. ನಗು ಪೂರ್ತಿಯಾಗುವುದು ನೋಡುವವನ ಮನೆಯಲ್ಲಿ.

ಹಾಗಾದರೆ ಒಳ್ಳೆಯದನ್ನೇ ತೋರಿಸಿದರೆ? 1984ರಿಂದ 1992ರವರೆಗೆ ನಡೆದ 'ದಿ ಕಾಸ್ಬಿ ಷೋ'ದಲ್ಲಿ ಅಪ್ಪ ಡಾಕ್ಟರು, ಅಮ್ಮ ಲಾಯರು, ಮನೆಯಲ್ಲಿ ಕಪ್ಪು ಕಲಾವಿದರ ಚಿತ್ರಗಳು. ಅಣಕವಿಲ್ಲ, ಮಸಿಯಿಲ್ಲ. ಸತ್ ಝಾಲಿ ಮತ್ತು ಜಸ್ಟಿನ್ ಲೂಯಿಸ್ ಬರೆದ 'ಎನ್‌ಲೈಟನ್ಡ್ ರೇಸಿಸಂ' (1992) ಮ್ಯಾಸಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ವೀಕ್ಷಕರ ಗುಂಪುಗಳನ್ನು ಕೂರಿಸಿಕೊಂಡು ಮಾತಾಡಿಸಿದ ಪುಸ್ತಕ. ಕಪ್ಪು ವೀಕ್ಷಕರಿಗೆ ತಮ್ಮವರನ್ನು ಘನತೆಯಿಂದ ಕಂಡ ಹೆಮ್ಮೆ. ಬಿಳಿಯ ವೀಕ್ಷಕರಿಗೂ ಆ ಕುಟುಂಬ ಅಚ್ಚುಮೆಚ್ಚು. ಆದರೆ ಅವರಲ್ಲಿ ಅನೇಕರು ಆ ಪ್ರೀತಿಯಿಂದಲೇ ಒಂದು ತೀರ್ಮಾನಕ್ಕೆ ಬಂದರು: ಇವರಿಗೆ ಸಾಧ್ಯವಾಯಿತಲ್ಲ, ಆಗದವರದ್ದು ಅವರದೇ ತಪ್ಪು. ಇದನ್ನು ಓದುವಾಗ ನಮಗೆ ಅನುವಾದ ಬೇಕಿಲ್ಲ. ಊರಿನ ಒಬ್ಬ ದಲಿತ ಅಧಿಕಾರಿಯನ್ನು ತೋರಿಸಿ "ಇನ್ನೂ ಎಷ್ಟು ದಿನಾರೀ ರಿಸರ್ವೇಷನ್ನು?" ಅನ್ನುವ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಆ ಧಾರಾವಾಹಿಯ ಕೊನೆಯ ಕಂತು ಪ್ರಸಾರವಾದದ್ದು 1992ರ ಏಪ್ರಿಲ್ 30ರಂದು. ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಬಡಿದ ಪೊಲೀಸರ ಪರವಾಗಿ ಹಿಂದಿನ ದಿನ ತೀರ್ಪು ಬಂದು, ಅಂದು ಲಾಸ್ ಏಂಜಲೀಸ್ ಹೊತ್ತಿ ಉರಿಯುತ್ತಿತ್ತು.

ಹರ್ಮನ್ ಗ್ರೇ ಅವರ 'ವಾಚಿಂಗ್ ರೇಸ್' (1995) ಈ ಗಂಟನ್ನು ಬಿಡಿಸಲು ಸಹಾಯ ಮಾಡುತ್ತದೆ. ಕಪ್ಪು ಪಾತ್ರ ಇದೆಯೋ ಇಲ್ಲವೋ, ಒಳ್ಳೆಯದೋ ಕೆಟ್ಟದ್ದೋ ಎಂದು ಲೆಕ್ಕ ಹಾಕುವುದರಿಂದ ಅವರು ಮುಂದೆ ಹೋಗುತ್ತಾರೆ. ಪಾತ್ರದ ಬಣ್ಣವನ್ನೇ ಮರೆಸಿ ಎಲ್ಲರಂತೆ ಮಾಡುವ ಕಾರ್ಯಕ್ರಮಗಳು, ಕಪ್ಪು ಜನರಿಗೆ ಬೇರೆಯದೇ ಒಂದು ಲೋಕ ಕಟ್ಟಿ ಬಿಳಿಯರ ಮಾದರಿಯಲ್ಲೇ ನಡೆಸುವ ಕಾರ್ಯಕ್ರಮಗಳು, ಕಪ್ಪು ಬದುಕಿನ ಒಳಗಿನಿಂದ ಅದರ ಬಹುತ್ವದೊಡನೆ ನೋಡುವ ಕಾರ್ಯಕ್ರಮಗಳು ಎಂದು ಮೂರು ಬಗೆ ಮಾಡುತ್ತಾರೆ. ಮೂರನೆಯದಕ್ಕೆ ಉದಾಹರಣೆ 1987ರ 'ಫ್ರಾಂಕ್ಸ್ ಪ್ಲೇಸ್'. ನ್ಯೂ ಆರ್ಲಿಯನ್ಸ್‌ನ ಒಂದು ಹೋಟೆಲಿನ ಕತೆ. ಹಿನ್ನೆಲೆಯಲ್ಲಿ ನಗಿಸುವ ಧ್ವನಿಮುದ್ರಣ ಇರಲಿಲ್ಲ. ಎಲ್ಲಿ ನಗಬೇಕೆಂದು ನೋಡುಗರೇ ನಿರ್ಧರಿಸಬೇಕಿತ್ತು. ಒಂದು ಕಂತಿನಲ್ಲಿ ಕಪ್ಪು ಜನರೊಳಗೇ ತಿಳಿಬಣ್ಣದವರು ಕಟ್ಟಿಕೊಂಡ ಕ್ಲಬ್ಬೊಂದು, ದಟ್ಟಬಣ್ಣದ ಫ್ರಾಂಕ್‌ನನ್ನು ಸದಸ್ಯನಾಗಲು ಕರೆಯುತ್ತದೆ. ತಮ್ಮೊಳಗಿನ ಮೇಲುಕೀಳನ್ನು ತಾವೇ ನಕ್ಕು ತೋರಿಸುವ ಧೈರ್ಯ ಅದು. ಎಡಗೈ ಬಲಗೈ ಎಂದು ಒಳಗೊಳಗೇ ಅಳೆದುಕೊಳ್ಳುವ ನಮಗೆ ಇಂಥ ನಗು ಯಾವಾಗ ಬಂದೀತು? ಒಂದೇ ವರ್ಷದಲ್ಲಿ ಆ ಕಾರ್ಯಕ್ರಮ ನಿಂತುಹೋಯಿತು ಎನ್ನುವುದೂ ಚರಿತ್ರೆಯೇ.

ಆದರೆ ಒಳಗಿನವರು ನಗಿಸಿದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. ಡೇವ್ ಷಪೆಲ್ ತನ್ನ ಬಹು ಜನಪ್ರಿಯ ಕಾರ್ಯಕ್ರಮವನ್ನು 2005ರಲ್ಲಿ ಅರ್ಧಕ್ಕೇ ಬಿಟ್ಟು ಹೊರಟರು. ಮುಖಕ್ಕೆ ಮಸಿ ಬಳಿದುಕೊಂಡ ಪಾತ್ರವಿದ್ದ ಪ್ರಹಸನವೊಂದರ ಚಿತ್ರೀಕರಣದಲ್ಲಿ ಒಬ್ಬ ಬಿಳಿಯ ವ್ಯಕ್ತಿ ನಕ್ಕ ರೀತಿ ತನ್ನನ್ನು ಕಲಕಿತೆಂದು ಆಮೇಲೆ ಅವರೇ ಹೇಳಿಕೊಂಡರು. ಜೋಕು ಅವರದೇ, ಮಾತು ಅವರದೇ. ನಗು ಮಾತ್ರ ಬೇರೆ ಕಡೆಯಿಂದ ಬಂದಿತ್ತು. ವಾಟ್ಕಿನ್ಸ್ ಹೇಳುವ ಆ ಎರಡು ನಗುಗಳು ಇಲ್ಲಿ ಒಂದೇ ಕೋಣೆಯಲ್ಲಿ ಮುಖಾಮುಖಿಯಾದವು.

ಈ ಪುಸ್ತಕಗಳಿಂದ ನಾವು ಪಡೆಯಬಹುದಾದದ್ದು ಕೆಲವು ಪ್ರಶ್ನೆಗಳನ್ನು. ಬರೆದವರು ಯಾರು? ಆಡಿದವರು ಯಾರು? ದುಡ್ಡು ಹಾಕಿದವರು ಯಾರು? ನಕ್ಕವರು ಯಾರು, ಯಾರ ಪಕ್ಕದಲ್ಲಿ ಕೂತು ನಕ್ಕರು? ಯಾರು ನಗಲಿಲ್ಲ? ಈ ಕೊನೆಯ ಪ್ರಶ್ನೆಗೆ ಉತ್ತರ ಟಿ.ವಿ. ಕಂಪನಿಯ ಕಡತಗಳಲ್ಲಿ ಸಿಗುವುದಿಲ್ಲ. ಈಲಿ ಅದನ್ನು ಕಪ್ಪು ಜನರ ಪತ್ರಿಕೆಗಳಲ್ಲಿ ಹುಡುಕಿದರು. ನಾವು ಹುಡುಕಬೇಕಾದದ್ದು ನಮ್ಮ ಸಣ್ಣ ಪತ್ರಿಕೆಗಳಲ್ಲಿ, ಸಂಘಟನೆಯ ಕರಪತ್ರಗಳಲ್ಲಿ, ಹಾಸ್ಟೆಲಿನ ಟಿ.ವಿ. ಮುಂದೆ ಕೂತವರ ನೆನಪುಗಳಲ್ಲಿ. ಅವುಗಳನ್ನು ಕೂಡಿಡದಿದ್ದರೆ ಚರಿತ್ರೆ ಬರೆಯುವವರಿಗೆ ನಾವೂ ನಕ್ಕೆವು ಎಂದೇ ಕಾಣುತ್ತದೆ.

ಹೋಲಿಕೆಗೆ ಮಿತಿ ಇದೆ. ಅಲ್ಲಿ ಮಸಿ ಕಣ್ಣಿಗೆ ಕಾಣುತ್ತದೆ. ಜಾತಿಗೆ ಬಣ್ಣವಿಲ್ಲ, ಅದು ಮಾತಿನ ಧಾಟಿಯಲ್ಲಿ, ಹೆಸರಿನಲ್ಲಿ, ತಟ್ಟೆಯಲ್ಲಿರುವ ಊಟದಲ್ಲಿ, ಮಾಡುವ ಕಸುಬಿನಲ್ಲಿ ಅಡಗಿ ಬರುತ್ತದೆ. ಮನೆ ಯಜಮಾನ ಪುಸ್ತಕದ ಕನ್ನಡ ಆಡಿ, ಕೆಲಸದವನು 'ಹ'ಕಾರ ಬಿಟ್ಟು ಮಾತಾಡಿದಾಗ ನಗು ಎಲ್ಲಿಂದ ಹುಟ್ಟಿತು ಎಂದು ಕೇಳಿದರೆ, "ಜಾತಿ ಎಲ್ಲಿ ಹೇಳಿದ್ವಿ?" ಅಂತ ನುಣುಚಿಕೊಳ್ಳಬಹುದು. ಹಾಗಾಗಿ ನಮ್ಮ ಓದು ಇನ್ನೂ ಸೂಕ್ಷ್ಮವಾಗಬೇಕು, ಕಿವಿ ಇನ್ನೂ ಚುರುಕಾಗಬೇಕು.

ನಗಬೇಡಿ ಎಂದು ವಿದ್ಯಾರ್ಥಿಗಳಿಗೆ ನಾನು ಹೇಳುವುದಿಲ್ಲ. ನಗುವಿಲ್ಲದೆ ಯಾವ ಕೇರಿಯೂ ಇಷ್ಟು ಶತಮಾನ ಉಸಿರಾಡಿಲ್ಲ. ನಕ್ಕ ಮೇಲೆ ಒಂದು ಗಳಿಗೆ ತಿರುಗಿ ನೋಡಿ, ಈಗ ನಕ್ಕದ್ದು ಯಾರನ್ನು ಅಂತ ಕೇಳಿಕೊಳ್ಳಿ ಅನ್ನುತ್ತೇನೆ. ದಲಿತ ವಿಮರ್ಶೆ ಟಿ.ವಿ. ಮುಂದೆ ಕೂತು ಮಾಡಬೇಕಾದ ಕೆಲಸ ಸದ್ಯಕ್ಕೆ ಇಷ್ಟೇ. ಇದು ಸಣ್ಣ ಕೆಲಸವೇನಲ್ಲ.