ರೊಟ್ಟಿ ಬಡಿಯುವ ಸದ್ದು ಹಿಡಿದು

ಮಾನ್ವಿಯ ಹೆಸರನ್ನು ಕನ್ನಡನಾಡಿಗೆಲ್ಲ ಮುಟ್ಟಿಸಿದ ಕಥೆ ಶುರುವಾಗುವುದೇ ಒಂದು ಊಟ ತಪ್ಪಿಸಿಕೊಂಡಲ್ಲಿಂದ. ವಿಜಯದಾಸರು ಊಟಕ್ಕೆ ಕರೆದಾಗ ಸಂಸ್ಕೃತ ಪಂಡಿತ ಶ್ರೀನಿವಾಸಾಚಾರ್ಯರು ಹೊಟ್ಟೆನೋವಿನ ನೆವ ಹೇಳಿ ಮನೆಯಲ್ಲೇ ಉಳಿದರಂತೆ. ಆಮೇಲೆ ನೆವವೇ ನಿಜವಾಗಿ ಹೊಟ್ಟೆನೋವು ಬಿಡದೆ ಅಂಟಿಕೊಂಡಿತಂತೆ. ಅದರ ಪರಿಹಾರಕ್ಕೆ ಗೋಪಾಲದಾಸರ ತನಕ ಹೋದವರು ಮುಂದೆ ಜಗನ್ನಾಥದಾಸರಾದರು, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. ಇದೇ ತಾಲ್ಲೂಕಿನ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಅವರು 1809ರಲ್ಲಿ ಕಾಲವಾದದ್ದು ಮಾನ್ವಿಯಲ್ಲೇ.

ಇವತ್ತು ಈ ಊರಿಗೆ ವರ್ಗವಾಗಿ ಬರುವವರ ಪಾಡು ಇದಕ್ಕೆ ತಿರುವುಮುರುವು. ಹೊಟ್ಟೆ ಸರಿಯಾಗಿಯೇ ಇರುತ್ತದೆ, ಊಟಕ್ಕೆ ಕರೆಯುವವರಿರುವುದಿಲ್ಲ.

ಬ್ಯಾಂಕಿನ ಗುಮಾಸ್ತರು, ಹೊಸದಾಗಿ ನೇಮಕವಾದ ಮೇಷ್ಟ್ರು, ಬೀಜದ ಕಂಪನಿಯ ಹುಡುಗರು, ಭತ್ತದ ಖರೀದಿಗೆ ಬಂದವರು ರಾಯಚೂರಿನಿಂದ ಸಿಂಧನೂರಿನ ಬಸ್ಸು ಹತ್ತಿ, ಒಂದು ತಾಸಿಗೂ ಸ್ವಲ್ಪ ಹೆಚ್ಚು ಕುಲುಕಿಸಿಕೊಂಡು ಇಲ್ಲಿ ಇಳಿಯುತ್ತಾರೆ. ಲಾಡ್ಜಿನಲ್ಲಿ ಬ್ಯಾಗು ಇಟ್ಟ ಮೇಲೆ ಮೊದಲ ಕೆಲಸ ಮೊಬೈಲು ತೆಗೆಯುವುದು. ಅದು ತೋರಿಸುವುದು ‘ಫ್ಯಾಮಿಲಿ ರೆಸ್ಟೋರೆಂಟ್’ ಎಂಬ ಬೋರ್ಡಿನ ಮೂರು ನಾಲ್ಕು ಜಾಗಗಳನ್ನು. ಹನ್ನೆರಡು ಪುಟದ ಮೆನು, ಅದರಲ್ಲಿ ಗೋಬಿ ಮಂಚೂರಿಯೇ ಐದು ನಮೂನೆ, ಎಸಿ ಕೋಣೆಗೆ ಬೇರೆ ದರ. ಒಂದು ರಾತ್ರಿಗೆ ಅಡ್ಡಿಯಿಲ್ಲ. ತಿಂಗಳಿಗೆ ಅರವತ್ತು ಊಟ ಅಂತ ಲೆಕ್ಕ ಹಾಕಿದರೆ ಹೊಟ್ಟೆಗೂ ಭಾರ, ಸಂಬಳಕ್ಕೂ ಭಾರ.

ಅವರು ಹುಡುಕಬೇಕಾದ್ದು ಮೊಬೈಲಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದರ ಹೆಸರು ಖಾನಾವಳಿ.

ಈ ಮಾತು ಮರಾಠಿಯಿಂದ ಬಂದದ್ದು. ಮುಂಬೈಯ ಬಟ್ಟೆ ಗಿರಣಿಗಳಿಗೆ ಕೊಂಕಣ, ಘಾಟಿನ ಊರುಗಳಿಂದ ಒಂಟಿಯಾಗಿ ಬಂದ ಕೂಲಿಕಾರರಿಗೆ ಗಿರಣಗಾಂವದ ಹೆಣ್ಣುಮಕ್ಕಳು ತಮ್ಮ ಒಂದು ಕೋಣೆಯ ಮನೆಯಲ್ಲೇ ಅಡುಗೆ ಮಾಡಿ, ತಿಂಗಳ ಲೆಕ್ಕದಲ್ಲಿ ಬಡಿಸುತ್ತಿದ್ದರು. ಆ ಹೆಂಗಸರನ್ನು ಬಡ್ಡಿಯವರ ಕೈಯಿಂದ ಬಿಡಿಸಲು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. ಉತ್ತರ ಕರ್ನಾಟಕದ ಖಾನಾವಳಿಗೂ ಅದೇ ಜಾಯಮಾನ: ಮನೆಯ ಅಡುಗೆ, ಮನೆ ಬಿಟ್ಟು ಬಂದವರಿಗೆ. ಉಡುಪಿ ಹೋಟೆಲು ಬಂದವರನ್ನೆಲ್ಲ ಗಿರಾಕಿಯೆಂದು ನೋಡಿದರೆ, ಖಾನಾವಳಿ ನಾಳೆಯೂ ಬರುವವನಿಗಾಗಿ ಒಲೆ ಹೊತ್ತಿಸುತ್ತದೆ. ಒಂದೇ ದಿನ ಬಂದು ಹೋಗುವವನ ಮೇಲೆ ಅದು ಬದುಕಿಲ್ಲ. ಆದ್ದರಿಂದಲೇ ಅದಕ್ಕೆ ದೊಡ್ಡ ಬೋರ್ಡು ಬೇಕಿಲ್ಲ. ಬಣ್ಣ ಹೋದ ತಗಡಿನ ಮೇಲೆ ದೇವರದೋ ಶರಣರದೋ ಹೆಸರು, ಕೆಳಗೆ ‘ಊಟ ತಯಾರಿದೆ’. ಸಂದಿಯಲ್ಲಿದ್ದರೂ ನಡೆಯುತ್ತದೆ, ಮಾಳಿಗೆಯ ಮೇಲಿದ್ದರೂ ನಡೆಯುತ್ತದೆ.

ಹಾಗಾದರೆ ಹುಡುಕುವುದು ಹೇಗೆ? ಕಿವಿಯಿಂದ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಸುತ್ತಲಿನ ಸಂದಿಗಳಲ್ಲಿ ನಡೆದರೆ ಎಲ್ಲೋ ಒಂದು ಕಡೆ ಪಟಪಟ ಸದ್ದು ಕೇಳುತ್ತದೆ. ಎಸರು ಹೊಯ್ದು ನಾದಿದ ಜೋಳದ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಬಡಿದು ಬಡಿದು ಹಿಗ್ಗಿಸುವ ಸದ್ದು ಅದು. ಲಟ್ಟಣಿಗೆಯ ಕೆಲಸ ಇಲ್ಲಿಲ್ಲ. ಗೋಧಿಗಿರುವ ಅಂಟು ಜೋಳಕ್ಕಿಲ್ಲವಾದ್ದರಿಂದ ಕುದಿಯುವ ನೀರೇ ಹಿಟ್ಟನ್ನು ಒಂದಾಗಿ ಹಿಡಿದಿಡಬೇಕು, ಕೈಯೇ ಅದನ್ನು ಹರಿಯದಂತೆ ತಿರುಗಿಸುತ್ತ ಹೋಗಬೇಕು. ಬಡಿತ ಒಂದೇ ಲಯದಲ್ಲಿದ್ದರೆ ಕೂತಿರುವಾಕೆ ಪಳಗಿದ ಕೈ. ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಆಡಿಸಿ, ನೀರು ಆರಿದ ಕೂಡಲೇ ಮಗುಚಿ, ಉಬ್ಬಿದ ಕಡೆ ಅದೇ ಅರಿವೆಯಿಂದ ಒತ್ತುತ್ತಾಳೆ. ಉಸಿರು ಬಿಟ್ಟಂತೆ ಅಂಚಿನಿಂದ ಆವಿ ಹೊರಡುತ್ತದೆ.

ಒಳಗೆ ಕೂತ ಮೇಲೂ ಪರೀಕ್ಷೆಯಿದೆ. ರೊಟ್ಟಿಯ ಅಂಚು ನೋಡಬೇಕು. ಬೀಸಿ ದಿನಗಳಾದ ಹಿಟ್ಟು ಜಿಗಿ ಬಿಡುತ್ತದೆ. ಅಂಥ ರೊಟ್ಟಿಯ ಅಂಚು ಬೇಸಿಗೆಯ ಎರೆಹೊಲದಂತೆ ಬಿರಿದಿರುತ್ತದೆ. ಅಂಚು ನುಣ್ಣಗಿದ್ದರೆ ಹಿಟ್ಟು ಹೊಸದು, ಅಂದರೆ ಅಲ್ಲಿ ದಿನಾ ಹಿಟ್ಟು ಖರ್ಚಾಗುತ್ತದೆ, ಅಂದರೆ ಜನ ಬರುತ್ತಾರೆ. ಮೊಬೈಲಿನ ಐದು ನಕ್ಷತ್ರಕ್ಕಿಂತ ಈ ಅಂಚನ್ನು ನಂಬಬಹುದು.

ಎರಡನೆಯದು ಗಡಿಯಾರ. ಹನ್ನೆರಡೂವರೆಯಿಂದ ಎರಡು, ಎರಡೂವರೆ. ರಾತ್ರಿ ಎಂಟರಿಂದ ಹತ್ತು. ಅಷ್ಟರೊಳಗೆ ಹೋದರೆ ಊಟ, ಮೂರೂವರೆಗೆ ಹೋದರೆ ಬೆಂಚಿನ ಮೇಲೆ ಮಲಗಿದ ಹುಡುಗ ತಲೆ ಎತ್ತಿ ‘ಮುಗದೈತ್ರಿ ಸರ’ ಅನ್ನುತ್ತಾನೆ. ಬೆಂಗಳೂರಿನಿಂದ ಬಂದವರಿಗೆ ಇದು ಸೊಕ್ಕಿನಂತೆ ಕಾಣಿಸಬಹುದು. ದಿನವಿಡೀ ಊಟ ಸಿಗುವ ಕಡೆ ಪಲ್ಯ ಯಾವಾಗಿನದು ಎಂದು ಒಮ್ಮೆ ಯೋಚಿಸಿದರೆ ಆ ‘ಮುಗದೈತ್ರಿ’ಯ ಬೆಲೆ ತಿಳಿಯುತ್ತದೆ.

ಯಾರನ್ನು ಕೇಳಬೇಕು ಎಂಬುದೂ ಮುಖ್ಯ. ಲಾಡ್ಜಿನವರು ಪ್ಯಾಂಟು ಶರ್ಟು ನೋಡಿ ದೊಡ್ಡ ಬೋರ್ಡಿನ ಕಡೆಗೇ ಕೈ ತೋರಿಸುತ್ತಾರೆ, ಮರ್ಯಾದೆಯೆಂದು ಭಾವಿಸಿ. ಡಿಪೊಕ್ಕೆ ಬಸ್ಸು ಬಿಡಲು ಹೊರಟ ಕಂಡಕ್ಟರು, ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು, ಗೊಬ್ಬರದಂಗಡಿಯಲ್ಲಿ ಕೂತ ರೈತರು ಬೇರೆಯೇ ಕಡೆ ತೋರಿಸುತ್ತಾರೆ. ಹಮಾಲನ ಮಾತನ್ನು ಕಣ್ಣು ಮುಚ್ಚಿ ನಂಬಬಹುದು. ಒಂದು ಲಾರಿ ಚೀಲ ಇಳಿಸಿದ ಮೈಗೆ ಅರೆಹೊಟ್ಟೆಯ ಊಟ ಸಾಲದು, ಹೆಚ್ಚು ದುಡ್ಡು ಕೊಡಲೂ ಆಗದು.

ತಟ್ಟೆಗೆ ಬರೋಣ. ಖಾನೆಗಳಿರುವ ಸ್ಟೀಲಿನ ತಟ್ಟೆ. ಎರಡು ಬಿಸಿ ರೊಟ್ಟಿ, ಒಂದು ಕಾಳುಪಲ್ಯ, ಒಂದು ತರಕಾರಿ ಪಲ್ಯ. ಅದೃಷ್ಟವಿದ್ದ ದಿನ ಎಣ್ಣೆಗಾಯಿ. ಶೇಂಗಾ ಹಿಂಡಿ, ಅದರ ಮೇಲೆ ಒಂದು ಚಮಚ ಮೊಸರೋ ಹಸಿ ಎಣ್ಣೆಯೋ. ಹೆಚ್ಚಿದ ಸೌತೆ, ಉಳ್ಳಾಗಡ್ಡಿ, ಎಳೆ ಮೆಂತ್ಯೆ ತಪ್ಪಲು ಹಸಿಯದೇ. ಕೊನೆಗೆ ಅನ್ನ, ಸಾರು, ಮಜ್ಜಿಗೆ. ರೊಟ್ಟಿಗೆ ಲೆಕ್ಕವಿದೆ, ಪಲ್ಯಕ್ಕೆ ಲೆಕ್ಕವಿಲ್ಲ ಎಂಬುದು ಖಾನಾವಳಿಯ ಅರ್ಥಶಾಸ್ತ್ರ. ರೊಟ್ಟಿಯಲ್ಲಿ ಮನುಷ್ಯರ ದುಡಿಮೆಯಿದೆ, ಒಂದೊಂದಕ್ಕೂ ಒಂದೊಂದು ಸಲ ತೋಳು ನೋಯಬೇಕು. ಪಲ್ಯ ಒಂದೇ ಬೋಗುಣಿಯಲ್ಲಿ ಐವತ್ತು ಮಂದಿಗೆ ಬೇಯುತ್ತದೆ.

ಇದರ ನಡುವೆ ಪುಂಡಿಪಲ್ಯದ ವಿಷಯ ಬೇರೆಯಾಗಿಯೇ ಹೇಳಬೇಕು. ಹುಳಿ ತಪ್ಪಲನ್ನು ಕುದಿಸಿ, ಹುಳಿನೀರು ಒಂದಿಷ್ಟು ಬಸಿದು, ಜೋಳದ ನುಚ್ಚೋ ಬೇಳೆಯೋ ಸೇರಿಸಿ, ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟರೆ ಖಾನಾವಳಿಯ ಪುಂಡಿಪಲ್ಯ. ಅದೇ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಮುಂದೆ ಆಂಧ್ರ ಮೆಸ್ಸಿಗೆ ಹೋದರೆ ಅದೇ ತಪ್ಪಲು ಎಣ್ಣೆಯಲ್ಲಿ ಬಾಡಿ, ಒಣಮೆಣಸಿನಕಾಯಿ ಜತೆ ಅರೆದು, ಗೋಂಗೂರ ಪಚ್ಚಡಿಯಾಗಿ ಬಿಸಿ ಅನ್ನದ ಪಕ್ಕ ಬರುತ್ತದೆ. ಒಂದೇ ಗಿಡ, ಎರಡು ನಾಡು.

ಆ ಎರಡನೆಯ ನಾಡು ಇಲ್ಲಿಗೆ ಬಂದದ್ದು ಕಾಲುವೆಯ ಹಿಂದೆ. ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರು, ಮಾನ್ವಿಯ ಎರೆಭೂಮಿಗೆ ಹರಿದಂತೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಭತ್ತ ಬೆಳೆಯಲು ಬಲ್ಲ ರೈತರು ಬಂದು ನೆಲೆಸಿದರು. ಅವರು ಕಟ್ಟಿಕೊಂಡ ಊರುಗಳಿಗೆ ಇವತ್ತಿಗೂ ಕೊನೆಯಲ್ಲಿ ‘ಕ್ಯಾಂಪ್’ ಎಂಬ ಬಾಲವಿದೆ. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಸೋನಾ ಮಸೂರಿ ಎಂದು ಮಾರುವ ಅಕ್ಕಿಯಲ್ಲಿ ಈ ಸೀಮೆಯ ಪಾಲು ದೊಡ್ಡದು. ವಿಚಿತ್ರವೆಂದರೆ ಸುತ್ತ ಹಸಿರು ಗದ್ದೆಯೇ ಇದ್ದರೂ ಖಾನಾವಳಿಯಲ್ಲಿ ಅನ್ನಕ್ಕೆ ಸಿಗುವುದು ಕೊನೆಯ ಸ್ಥಾನ. ನಾಡಿನ ನಾಲಗೆ ಇನ್ನೂ ಹಿಂಗಾರಿ ಬಿಳಿಜೋಳದ್ದೇ. ಅನ್ನವಿಲ್ಲದೆ ಊಟವೇ ಅಲ್ಲ ಎನ್ನುವ ಮಂಡ್ಯ, ಮೈಸೂರಿನ ಕಡೆಯವರು ಮೊದಲ ತಿಂಗಳು ಆಂಧ್ರ ಮೆಸ್ಸಿಗೆ ಹೋಗುವುದು ಲೇಸು. ರೊಟ್ಟಿ ಜಗಿಯಲು ದವಡೆ ಪಳಗುವ ತನಕ.

ಮೂರನೆಯ ನಾಡು ಹೈದರಾಬಾದ್. 1948ರ ತನಕ ಇದು ನಿಜಾಮರ ಸೀಮೆ, 1956ರ ತನಕ ಹೈದರಾಬಾದ್ ರಾಜ್ಯ. ಸಂಜೆಯ ಹೊತ್ತು ದಮ್ ಬಿರಿಯಾನಿಯ ಹಂಡೆಯ ಬಾಯಿ ತೆರೆದಾಗ ಆ ಚರಿತ್ರೆ ಮೂಗಿಗೆ ತಾಗುತ್ತದೆ. ಅದರ ಬಗ್ಗೆ ಪರಿಚಯ ಲೇಖನ ಬೇಕಿಲ್ಲ, ಹೊಸಬರು ಮೊದಲ ದಿನವೇ ತಾವಾಗಿ ಕಂಡುಕೊಳ್ಳುತ್ತಾರೆ.

ಬೆಳಗಿನ ತಿಂಡಿಗೆ ಹುಡುಕಾಟವೇ ಬೇಡ. ತಳ್ಳುಬಂಡಿಯ ಮುಂದೆ ಜನ ನಿಂತಿರುವ ಕಡೆ ನಿಂತರಾಯಿತು. ಮಂಡಾಳನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ದಕ್ಷಿಣದವರು ಮಂಡಕ್ಕಿಯೆಂದರೆ ಸಂಜೆಯ ಗರಿಗರಿ ತಿನಿಸೆಂದು ತಿಳಿದಿರುತ್ತಾರೆ. ಇಲ್ಲಿ ಅದು ಮೆತ್ತಗಿನ, ಬಿಸಿಯಾದ ಬೆಳಗಿನ ಆಹಾರ. ಪಕ್ಕದಲ್ಲಿ ಮಿರ್ಚಿ ಇರಲೇಬೇಕು. ‘ಒಗ್ಗರಣಿ, ಎರಡ್ ಮಿರ್ಚಿ’ ಎಂದು ತಡವರಿಸದೆ ಹೇಳಲು ಬಂದ ದಿನ ಅರ್ಧ ಊರು ಪರಿಚಯವಾದಂತೆ.

ಜಿಲ್ಲಾ ಕೇಂದ್ರದ ಸಂಗತಿ ಬೇರೆ. ಮುಂಬೈ ಕಡೆಯ ಜಿಐಪಿ ರೈಲು, ಮದರಾಸು ಕಡೆಯ ರೈಲು ಎರಡೂ 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲಿ. ರೈಲು ಬಂದ ಊರಿಗೆ ತಂಗುವವರು ಬಂದರು, ತಂಗುವವರ ಹಿಂದೆ ಹೋಟೆಲುಗಳು. ಅಲ್ಲಿ ಆಯ್ಕೆ ಹೆಚ್ಚು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಶುರುವಾಗಿ ಆಮೇಲೆ ಜಿಲ್ಲೆಗಳಿಗೂ ಹಬ್ಬಿದ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂಬ ದರ ನಿಂತಿತು. ಆ ದರದ ಜತೆ ಯಾವ ಖಾನಾವಳಿಯೂ ಪೈಪೋಟಿಗೆ ಇಳಿಯಲಾರದು. ಆದರೆ ಅಲ್ಲಿ ‘ಇನ್ನೊಂಚೂರು ಪಲ್ಯ ಹಾಕ್ಲ್ಯಾ’ ಎಂದು ಯಾರೂ ಕೇಳುವುದಿಲ್ಲ.

ನಗರವಾಗಲಿ ತಾಲ್ಲೂಕಾಗಲಿ, ನೀರಿನ ವಿಷಯದಲ್ಲಿ ಮಾತ್ರ ಸಂಕೋಚ ಬೇಡ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಸಾವುಗಳಾದದ್ದನ್ನು ಈ ಜಿಲ್ಲೆ ಮರೆತಿಲ್ಲ. ಜಗ್ಗಿನಲ್ಲಿರುವುದು ನಳದ ನೀರೋ ಫಿಲ್ಟರ್ ನೀರೋ ಎಂದು ಕೇಳಿದರೆ ಯಾರೂ ಬೇಜಾರಾಗುವುದಿಲ್ಲ.

ಖಾನಾವಳಿಯ ಬೋರ್ಡಿನ ಮೇಲಿನ ಹೆಸರುಗಳಿಗೂ ಒಂದು ಕಥೆಯಿದೆ. ‘ಲಿಂಗಾಯತ ಖಾನಾವಳಿ’ ಎಂದರೆ ಈಗಿನ ಗಿರಾಕಿಗೆ ಶುದ್ಧ ಸಸ್ಯಾಹಾರ ಎಂದಷ್ಟೇ ಅರ್ಥ. ಹುಬ್ಬಳ್ಳಿ ಕಡೆಯ ‘ಸಾವಜಿ’ ಎಂದರೆ ಖಾರದ ಮಾಂಸದೂಟ. ಹಿಂದೆ ಅದು ಯಾರು ಬೇಯಿಸಿದ್ದು ಎಂದು ಹೇಳುವ ಬೋರ್ಡಾಗಿತ್ತು, ಯಾರು ಒಳಗೆ ಕೂರಬಹುದು ಎಂದು ಹೇಳದೆ ಹೇಳುವ ಬೋರ್ಡೂ ಆಗಿತ್ತು. ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರು ಹಿಡಿದೇ ಬರೆಯಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಹಳ್ಳಿಯ ಚಹಾದಂಗಡಿಗಳಲ್ಲಿ ಬೇರೆ ಲೋಟ ಇಡುವ ಸುದ್ದಿ ಈ ಭಾಗದಿಂದ ಪೂರ್ತಿ ನಿಂತಿಲ್ಲ. ಒಳ್ಳೆಯ ಊಟದ ಜಾಗ ಹುಡುಕುವವರು ರೊಟ್ಟಿಯ ಅಂಚಿನ ಜತೆ ಲೋಟಗಳನ್ನೂ ನೋಡುವುದು ಒಳ್ಳೆಯದು.

ಇನ್ನೊಂದು ಕೊರತೆ: ಖಾನಾವಳಿಯ ಬೆಂಚುಗಳು ಬಹುಪಾಲು ಗಂಡಸರವು. ಒಳಗೆ ರೊಟ್ಟಿ ಬಡಿಯುವವರೆಲ್ಲ ಹೆಂಗಸರು, ಹೊರಗೆ ಕೂತು ಉಣ್ಣುವವರಲ್ಲಿ ಅವರು ಕಡಿಮೆ. ಹೊಸದಾಗಿ ಬಂದ ಟೀಚರುಗಳು, ನರ್ಸುಗಳು ಇದಕ್ಕೆ ತಮ್ಮದೇ ದಾರಿ ಮಾಡಿಕೊಂಡಿದ್ದಾರೆ. ‘ಇಲ್ಲಿ ರೊಟ್ಟಿ ಸಿಗುತ್ತವೆ’ ಎಂಬ ಚಿಕ್ಕ ಬೋರ್ಡು ನೇತುಹಾಕಿದ ಮನೆಗಳಿಂದ ರೊಟ್ಟಿ ತಂದು, ಪಲ್ಯವೊಂದನ್ನು ಕೋಣೆಯಲ್ಲೇ ಮಾಡಿಕೊಳ್ಳುತ್ತಾರೆ. ಕಟಕ ರೊಟ್ಟಿಯಾದರೆ ವಾರಗಟ್ಟಲೆ ಕೆಡುವುದಿಲ್ಲ. ಎರಡು ಓಣಿ ಆಚೆ ಯಾರದೋ ಮನೆಯಲ್ಲಿ ಡಬ್ಬಿ ಕಟ್ಟಿಕೊಡುತ್ತಾರೆ ಎಂಬ ಸುದ್ದಿ ಸ್ಟಾಫ್ ರೂಮಿನಿಂದ ಸ್ಟಾಫ್ ರೂಮಿಗೆ ಹೋಗುತ್ತದೆ. ಒಳ್ಳೆಯ ಊಟ ಅಗ್ಗಕ್ಕೆ ಸಿಗುವ ಜಾಗಗಳ ನಿಜವಾದ ಪಟ್ಟಿ ಇರುವುದು ಅಲ್ಲೇ.

ವಾರ ಕಳೆಯುವಷ್ಟರಲ್ಲಿ ಗಲ್ಲೆಯ ಮೇಲಿನವರು ‘ತಿಂಗಳದ್ದು ಹಿಡೀರಿ ಸರ’ ಎನ್ನುತ್ತಾರೆ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೆಸರಿಗೊಂದು ಪುಟ, ಉಂಡ ದಿನಕ್ಕೊಂದು ಗೀಟು. ಶನಿವಾರ ಊರಿಗೆ ಹೋದರೆ ಗೀಟು ಇಲ್ಲ, ದುಡ್ಡೂ ಇಲ್ಲ. ಮುಂಚೆ ಹೇಳಿರಬೇಕು ಅಷ್ಟೇ. ಹೆಸರು ಬರೆಯುವುದೂ ಅವರಿಗೆ ತಿಳಿದಂತೆ: ‘ಬ್ಯಾಂಕ್ ಸರ’, ‘ಹೊಸಾ ಮಾಸ್ತರ’, ‘ಮೈಸೂರವರು’.

ಆ ಪುಟಗಳಲ್ಲಿ ಎಲ್ಲರಿಗೂ ಗೀಟು ತಪ್ಪುವ ದಿನ ಒಂದಿದೆ, ಎಳ್ಳ ಅಮಾಸಿ. ಅಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ, ನಿಂತ ಬೆಳೆಗೆ ಚರಗ ಚೆಲ್ಲಲು. ಖಾನಾವಳಿಯ ಬಾಗಿಲಿಗೆ ಬೀಗ. ಗೊತ್ತಿಲ್ಲದೆ ಒಂದು ಗಂಟೆಗೆ ಬಂದು ಬೀಗದ ಮುಂದೆ ನಿಂತ ಹೊಸಬರನ್ನು ದಾರಿಯಲ್ಲಿ ಹೋಗುವ ಟ್ರ್ಯಾಕ್ಟರಿನವರು ಯಾರಾದರೂ ಹತ್ತಿಸಿಕೊಳ್ಳುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಪುಂಡಿಪಲ್ಯ. ಬನ್ನಿಗಿಡದ ಕೆಳಗೆ ಹಾಸಿದ ಗುಡಾರದ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ.