ಮಲೆನಾಡಿನ ಹಿತ್ತಲು: ಹೊಸಬರಿಗೊಂದು ಕಿವಿಮಾತು

ಆಯುರ್ವೇದವು ದೇಶವನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರು ಬಗೆಯಾಗಿ ವಿಂಗಡಿಸಿದೆ. ಮಳೆ ಕಡಿಮೆಯಿದ್ದು ಗಾಳಿ, ಬಿಸಿಲುಗಳು ಹೆಚ್ಚಿರುವ ನಾಡು ಜಾಂಗಲ. ನೀರು, ನೆರಳು, ತೇವಗಳಿಂದ ಕೂಡಿದ ನಾಡು ಆನೂಪ. ವಿಜಯಪುರದ ಎರೆಭೂಮಿ ಮೊದಲನೆಯದಕ್ಕೆ ಹತ್ತಿರ. ಸಾಗರ, ತೀರ್ಥಹಳ್ಳಿಗಳ ಸೀಮೆ ಎರಡನೆಯದಕ್ಕೆ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾದರೆ ಆಗುಂಬೆಯಲ್ಲಿ 7000 ಮಿ.ಮೀ. ಮೀರುವುದುಂಟು. ಉದ್ಯೋಗ, ವಿವಾಹ, ಜಮೀನುಗಳ ನಿಮಿತ್ತ ಬಯಲುಸೀಮೆಯಿಂದ ಮಲೆನಾಡಿಗೆ ಬಂದು ನೆಲೆಸುವ ಬಂಧುಗಳಿಗೆ ನಾವು ಹೇಳುವ ಮೊದಲ ಮಾತೆಂದರೆ, ಹಿತ್ತಲಿಗೆ ಗುದ್ದಲಿ ಹಾಕುವ ಮುನ್ನ ನೆರೆಮನೆಯ ಹಿರಿಯರನ್ನು ಕೇಳಿರಿ.

ಬಯಲುಸೀಮೆಯಲ್ಲಿ ಮಡಿಯನ್ನು ತಗ್ಗಾಗಿಸಿ ನೀರು ನಿಲ್ಲಿಸುತ್ತೇವೆ. ಮಲೆನಾಡಿನಲ್ಲಿ ಮಡಿ ಎತ್ತರವಾಗಿದ್ದು ಸುತ್ತಲೂ ನೀರು ಹರಿದುಹೋಗಲು ದಾರಿಯಿರಬೇಕು. ಇಲ್ಲವಾದರೆ ಆಷಾಢದ ಮಳೆಗೆ ಬೇರು ಕೊಳೆಯುವುದು. ಮೆಂತ್ಯದಂತಹ ಸೊಪ್ಪುಗಳು ಮಳೆ ಹಿಂದೆ ಸರಿದ ಮೇಲೆಯೇ ಚೆನ್ನಾಗಿ ಬರುತ್ತವೆ. ಮಳೆಗಾಲದಲ್ಲಿ ಸೌತೆ, ಹೀರೆ, ಹಾಗಲಗಳ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವುದು ಅಲ್ಲಿಯ ರೂಢಿ.

ತೇವದ ನೆಲದಲ್ಲಿ ಒಂದೆಲಗ ತಾನಾಗಿಯೇ ಹಬ್ಬುತ್ತದೆ. ಅದನ್ನು ತೆಂಗಿನಕಾಯಿ, ಜೀರಿಗೆ, ಕಾಳುಮೆಣಸುಗಳೊಡನೆ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ. ಸೊಪ್ಪನ್ನು ಹಸಿಯಾಗಿ ಅರೆಯುವುದರಿಂದ ಬಚ್ಚಲ ನೀರು ಹರಿಯುವಲ್ಲಿ ಬೆಳೆದುದನ್ನು ಬಳಸಬಾರದು. ಶುದ್ಧವಾದ ಜಾಗದಲ್ಲಿ ಬೆಳೆದುದನ್ನು ಚೆನ್ನಾಗಿ ತೊಳೆದು ಬಳಸಬೇಕು. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಸೂಕ್ಷ್ಮ ಹರಳುಗಳಿದ್ದು ಗಂಟಲು ತುರಿಸುತ್ತದೆ. ಆದುದರಿಂದಲೇ ಪತ್ರೊಡೆಗೆ ಹುಣಿಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸುವ ಪದ್ಧತಿ ಬಂದಿದೆ. ಸ್ಥಳೀಯರು ತಿನ್ನುವ ಜಾತಿಯೆಂದು ತೋರಿಸದ ಕಾಡುಕೆಸುವನ್ನು ಮುಟ್ಟದಿರುವುದು ಕ್ಷೇಮ.

ಇನ್ನೊಂದು ರೂಢಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಕಾಡಿನ ತರಗೆಲೆಯನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದು, ಗಿಡದ ಬುಡಕ್ಕೆ ಮುಚ್ಚುವುದು ಮಲೆನಾಡಿನ ಹಳೆಯ ಪದ್ಧತಿ. ಮಣ್ಣಿಗೆ ಅದು ಹಿತಕರವೇ ಸರಿ. ಆದರೆ ಆ ಎಲೆಯಲ್ಲಿ ಉಣುಗುಗಳಿರುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯು ಮುಖ್ಯವಾಗಿ ಉಣುಗಿನ ಕಡಿತದಿಂದ ಹರಡುವುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಬಾಧೆ ಹೆಚ್ಚು. ತರಗೆಲೆ ಉದುರುವುದೂ ಅದೇ ಕಾಲದಲ್ಲಿ. ಆದಕಾರಣ ಆ ತಿಂಗಳುಗಳಲ್ಲಿ ತರಗೆಲೆಯನ್ನು ತರದೆ ಮನೆಯಂಗಳದ ಕಸಕಡ್ಡಿಯ ಗೊಬ್ಬರವನ್ನೇ ಬಳಸುವುದು ಲೇಸು. ಕಾಡಿಗೆ ಹೋಗಲೇಬೇಕಾದರೆ ಕೈಕಾಲು ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದವರು ಸೂಚಿಸುವ ಉಣುಗುನಿವಾರಕ ತೈಲವನ್ನು ಹಚ್ಚಿಕೊಳ್ಳಬೇಕು. ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಗಳನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಬೇಕು.

ಹಠಾತ್ತನೆ ತೀವ್ರ ಜ್ವರ, ತಲೆನೋವು, ಮೈಕೈನೋವು ಕಾಣಿಸಿಕೊಂಡರೆ ಅಮೃತಬಳ್ಳಿಯ ಕಷಾಯವನ್ನು ನಂಬಿ ದಿನಗಳನ್ನು ಕಳೆಯಬಾರದು. ಅಂದೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತನ್ನು ಹೇಳುತ್ತಿದ್ದೇವೆ. ಹಿತ್ತಲ ಗಿಡ ಆಹಾರಕ್ಕೆ, ಸಣ್ಣಪುಟ್ಟ ತೊಂದರೆಗೆ ಒದಗುವುದು. ಇಂತಹ ಜ್ವರಕ್ಕೆ ತಡಮಾಡದೆ ಆಸ್ಪತ್ರೆಗೆ ಸೇರುವುದೇ ಪ್ರಾಣ ಉಳಿಸುವ ದಾರಿ.