ಟರ್ಬೊ ಮೋಟಾರು ವಾಹನಗಳಲ್ಲಿ ವೇಗವೇರಿಸುವಾಗ ತೋರುವ ಬಲದ ಏರಿಳಿತ: ಕಾರಣಗಳೂ ಪರೀಕ್ಷಾಕ್ರಮವೂ

ತುಮಕೂರು ನಗರದ ಅಂಚಿನಲ್ಲಿರುವ ಕ್ಯಾತ್ಸಂದ್ರವು ಬೆಂಗಳೂರು-ಪುಣೆ ಹೆದ್ದಾರಿಯ ಮೇಲಿನ ಊರು. ಸಮೀಪದಲ್ಲಿಯೇ ಸಿದ್ಧಗಂಗೆಯ ಬೆಟ್ಟವೂ, ಆಚೆಗೆ ದೇವರಾಯನದುರ್ಗದ ಏರುದಾರಿಯೂ ಇರುತ್ತವೆ. ಗುಬ್ಬಿ ಮತ್ತು ಕುಣಿಗಲ್ ಕಡೆಯ ರೈತರು ರಾಗಿ, ತೆಂಗಿನಕಾಯಿ, ಅಡಿಕೆ, ತರಕಾರಿ ಮುಂತಾದ ಫಸಲನ್ನು ಪೇಟೆಗೆ ಸಾಗಿಸುವುದಕ್ಕೆ ಹಿಂದೆ ಎತ್ತಿನ ಗಾಡಿಯನ್ನು ನೆಚ್ಚಿಕೊಂಡಿದ್ದರು. ಈಗ ಜೀಪು, ಕಾರು ಮತ್ತು ಸಣ್ಣ ಸರಕುಗಾಡಿಗಳನ್ನು ನೆಚ್ಚಿರುವರು. ಇವುಗಳಲ್ಲಿ ಡೀಸೆಲ್ಲಿನಿಂದ ನಡೆಯುವವು ಬಹುಮಟ್ಟಿಗೆ ಟರ್ಬೊಚಾರ್ಜರು ಎಂಬ ಉಪಕರಣವುಳ್ಳವು. ಎತ್ತಿಗೆ ರೋಗ ಬಂದರೆ ಅದರ ಲಕ್ಷಣವನ್ನು ಗುರುತಿಸಬಲ್ಲ ರೈತನು ಈ ಯಂತ್ರದ ರೋಗಲಕ್ಷಣವನ್ನೂ ಅರಿತಿರುವುದು ಅವಶ್ಯಕ.

ಅಂಥ ಲಕ್ಷಣಗಳಲ್ಲಿ ಮುಖ್ಯವಾದುದೊಂದನ್ನು ಇಲ್ಲಿ ವಿವರಿಸಲಾಗಿದೆ. ಚಾಲಕನು ವೇಗದ ಪೆಡಲನ್ನು ಒಂದೇ ಸಮನಾಗಿ ಒತ್ತಿ ಹಿಡಿದಿದ್ದರೂ ಗಾಡಿಯು ಒಂದು ಕ್ಷಣ ಮುನ್ನುಗ್ಗುವುದು, ಮರುಕ್ಷಣ ಯಾರೋ ಹಿಂದಕ್ಕೆಳೆದಂತೆ ಬಲಗುಂದುವುದು, ಮತ್ತೆ ಮುನ್ನುಗ್ಗುವುದು. ಲಗಾಮನ್ನು ಬಿಟ್ಟು ಬಿಟ್ಟು ಎಳೆದರೆ ಕುದುರೆಯು ಹೇಗೆ ನಡೆಯುವುದೋ ಹಾಗೆ ಗಾಡಿಯ ನಡೆ ಇರುವುದು. ಇದು ಕೇವಲ ಕಿರಿಕಿರಿಯ ವಿಷಯವಲ್ಲ. ಹೆದ್ದಾರಿಯಲ್ಲಿ ಲಾರಿಯೊಂದನ್ನು ದಾಟುವ ಮಧ್ಯದಲ್ಲಿ, ಅಥವಾ ಹೇರು ತುಂಬಿದ ಗಾಡಿಯು ಏರನ್ನು ಹತ್ತುತ್ತಿರುವಾಗ, ಬಲವು ತಟ್ಟನೆ ಇಲ್ಲವಾದರೆ ಪ್ರಾಣಾಪಾಯವುಂಟು. ದೋಷ ತಿಳಿಯದೆ ಟರ್ಬೊವನ್ನೇ ಬದಲಿಸಿದರೆ ಹತ್ತಾರು ಸಾವಿರ ರೂಪಾಯಿಗಳ ವೆಚ್ಚವು ತಲೆಯ ಮೇಲೆ ಬೀಳುವುದು. ಹರಿದ ಕೊಳವೆಗಾಗಿ ಟರ್ಬೊ ಬದಲಿಸುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆಯೇ ಸರಿ.

ಟರ್ಬೊವಿನ ಕಾರ್ಯಕ್ರಮ

ಕಮ್ಮಾರನ ಕುಲುಮೆಯಲ್ಲಿ ಇದ್ದಲು ಎಷ್ಟೇ ಇರಲಿ, ತಿದಿಯೊತ್ತಿದ ಹೊರತು ಬೆಂಕಿಗೆ ಕಾವು ಬಾರದು. ಮೋಟಾರು ಯಂತ್ರದಲ್ಲಿಯೂ ಹಾಗೆಯೇ. ಒಂದು ಲೀಟರ್ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು ೧೨ ಕಿಲೋಗ್ರಾಂ ಗಾಳಿ ಬೇಕು. ಸಮುದ್ರಮಟ್ಟಕ್ಕಿಂತ ಸುಮಾರು ೮೦೦ ಮೀಟರ್ ಎತ್ತರದಲ್ಲಿರುವ ತುಮಕೂರಿನ ಸೀಮೆಯಲ್ಲಿ ಇಷ್ಟು ಗಾಳಿಯ ಗಾತ್ರವು ಸುಮಾರು ೧೧ ಸಾವಿರ ಲೀಟರ್ ಆಗುವುದು. ಇಲ್ಲಿಯ ಗಾಳಿಯು ಕರಾವಳಿಯ ಗಾಳಿಗಿಂತ ನೂರಕ್ಕೆ ೭-೮ ಪಾಲು ತೆಳುವಾದುದರಿಂದ ಗಾಳಿಯನ್ನು ಒತ್ತಿ ತುಂಬುವ ಸಾಧನವು ಹೆಚ್ಚು ಉಪಯುಕ್ತವಾಗಿರುತ್ತದೆ.

ಈ ಸಾಧನಕ್ಕೆ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಎಂಬುವರು ೧೯೦೫ರಲ್ಲಿ ಪೇಟೆಂಟ್ ಪಡೆದರು. ಸಾಮಾನ್ಯ ಜನರು ಕೊಳ್ಳುವ ಕಾರುಗಳಲ್ಲಿ ಇದು ಅಮೆರಿಕಾದಲ್ಲಿ ೧೯೬೨ರಲ್ಲಿ ಬಳಕೆಗೆ ಬಂದಿತು. ಯಂತ್ರದಿಂದ ಹೊರಬೀಳುವ ಬಿಸಿಹೊಗೆಯು ಒಂದು ಚಕ್ರವನ್ನು ತಿರುಗಿಸುವುದು. ಅದೇ ದಂಡಕ್ಕೆ ಜೋಡಿಸಿದ ಮತ್ತೊಂದು ಚಕ್ರವು ಹೊರಗಿನ ಗಾಳಿಯನ್ನು ಸೆಳೆದು ಒತ್ತುವುದು. ಸಣ್ಣ ಟರ್ಬೊಗಳಲ್ಲಿ ಈ ದಂಡವು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುವುದುಂಟು. ಒತ್ತಲ್ಪಟ್ಟು ಬಿಸಿಯಾದ ಗಾಳಿಯು ಇಂಟರ್‌ಕೂಲರ್ ಎಂಬ ತಂಪುಗೂಡಿನಲ್ಲಿ ತಣಿದು ಯಂತ್ರವನ್ನು ಸೇರುವುದು. ಒತ್ತಡವು ಮಿತಿಮೀರದಂತೆ ಹೊಗೆಯ ಒಂದು ಭಾಗವನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಎಂಬ ಕದವಾಗಲಿ, ಕೋನ ಬದಲಿಸುವ ರೆಕ್ಕೆಗಳಾಗಲಿ ಇರುತ್ತವೆ. ಗಾಳಿಯೆಷ್ಟು, ಒತ್ತಡವೆಷ್ಟು ಎಂಬುದನ್ನು ಸೆನ್ಸರುಗಳು ಅಳೆದು ತಿಳಿಸಲು, ವಿದ್ಯುನ್ನಿಯಂತ್ರಣ ಪೆಟ್ಟಿಗೆಯು ಅದಕ್ಕೆ ತಕ್ಕಷ್ಟೇ ಇಂಧನವನ್ನು ಬಿಡುವುದು.

ಬಲದ ಏರಿಳಿತಕ್ಕೆ ಮೂಲವು ಇಲ್ಲಿಯೇ ಇದೆ. ಗಾಳಿ, ಇಂಧನ, ಅಳತೆ, ಹೊಗೆಯ ನಿರ್ಗಮನ ಎಂಬ ನಾಲ್ಕರಲ್ಲಿ ಒಂದು ತಪ್ಪಿದರೂ ನಿಯಂತ್ರಣ ಪೆಟ್ಟಿಗೆಯು ಅದನ್ನು ಸರಿಪಡಿಸಲು ಯತ್ನಿಸುವುದು. ಸರಿಪಡಿಸಿತೆನ್ನುವಷ್ಟರಲ್ಲಿ ಪುನಃ ತಪ್ಪುವುದು. ಹೀಗೆ ಕೊಡುವುದೂ ಕಸಿಯುವುದೂ ಸರದಿಯಂತೆ ನಡೆದು, ಚಾಲಕನಿಗೆ ಅಲೆಯಂತೆ ಭಾಸವಾಗುವುದು.

ಮೊದಲು ತಿಳಿಯಬೇಕಾದ ವಿವೇಚನೆ

ಟರ್ಬೊ ಗಾಡಿಗಳಲ್ಲಿ ನಿಮಿಷಕ್ಕೆ ಸುಮಾರು ೧,೫೦೦ ರಿಂದ ೨,೦೦೦ ಸುತ್ತಿನ ಹತ್ತಿರ ಬಲವು ಒಮ್ಮೆ ಎದ್ದು ಬರುವುದು ಸಹಜ. ಇದು ದೋಷವಲ್ಲ. ಎದ್ದ ಬಲವು ನಿಲ್ಲದೆ ಮತ್ತೆ ಮತ್ತೆ ಬಿದ್ದೇಳುವುದೇ ದೋಷ. ಆದಕಾರಣ ಮೊದಲು ಈ ನಾಲ್ಕು ಸಂಗತಿಗಳನ್ನು ಗಮನಿಸಿ ಬರೆದಿಟ್ಟುಕೊಳ್ಳತಕ್ಕದ್ದು.

(೧) ಹೇರಿದ್ದಾಗ ಅಥವಾ ಏರಿನಲ್ಲಿ ಮಾತ್ರ ತೋರುವುದೋ, ಬರಿಗಾಡಿಯಲ್ಲಿ ಸಮತಟ್ಟಿನಲ್ಲಿಯೂ ತೋರುವುದೋ? ಹೇರಿನಲ್ಲಿ ಮಾತ್ರವಾದರೆ ಗಾಳಿಯ ಒತ್ತಡ ಅಥವಾ ಇಂಧನದ ಪೂರೈಕೆಯ ಕಡೆಗೆ ಸಂಶಯ ತಿರುಗಬೇಕು. ಎಲ್ಲ ವೇಳೆಯಲ್ಲಿಯೂ ಆದರೆ ಸೆನ್ಸರು ಅಥವಾ ಪೆಡಲಿನ ವಿದ್ಯುತ್ ಭಾಗದ ಕಡೆಗೆ.

(೨) ಹೊಗೆಯ ಬಣ್ಣವೇನು? ಕಪ್ಪುಹೊಗೆಯು ಗಾಳಿ ಸಾಲದೆಂಬುದರ ಗುರುತು. ನೀಲಿಹೊಗೆಯು ಎಂಜಿನ್ ಎಣ್ಣೆ ಉರಿಯುತ್ತಿರುವುದರ ಗುರುತು. ಹೊಸ ಗಾಡಿಗಳಲ್ಲಿ ಮಸಿಸೋಸುಕವು ಕಪ್ಪುಹೊಗೆಯನ್ನು ತಡೆಯುವುದರಿಂದ ಹೊಗೆ ಕಾಣದ ಮಾತ್ರಕ್ಕೆ ದೋಷವಿಲ್ಲವೆಂದು ಭಾವಿಸಬಾರದು.

(೩) ಗಾಡಿಯನ್ನು ನಿಲ್ಲಿಸಿ, ಯಂತ್ರವನ್ನು ಆರಿಸಿ ಮತ್ತೆ ಹೊರಡಿಸಿದಾಗ ಸ್ವಲ್ಪ ಹೊತ್ತು ಬಲವು ಸರಿಹೋಗುವುದೋ? ಹಾಗಾದರೆ ಒತ್ತಡವು ಮಿತಿತಪ್ಪಿದ್ದರಿಂದ ನಿಯಂತ್ರಣ ಪೆಟ್ಟಿಗೆಯು ತಾನಾಗಿ ಬಲವನ್ನು ತಗ್ಗಿಸಿತೆಂದು ಊಹಿಸಬಹುದು.

(೪) ಯಂತ್ರದ ಸುತ್ತು ಏರಿದರೂ ಗಾಡಿಯ ವೇಗ ಏರದೋ? ಆಗ ದೋಷವು ಯಂತ್ರದಲ್ಲಿಲ್ಲ, ಕ್ಲಚ್ಚು ಜಾರುತ್ತಿದೆ.

ಪರೀಕ್ಷಾಕ್ರಮ

ಸುಲಭವೂ ಅಲ್ಪವೆಚ್ಚದ್ದೂ ಆದುದನ್ನು ಮೊದಲು ನೋಡಿ, ಕಷ್ಟವಾದುದನ್ನು ಕಡೆಗೆ ನೋಡುವುದು ಉತ್ತಮ ಕ್ರಮ. ಯಂತ್ರವು ಆರಿ ತಣ್ಣಗಾದ ಮೇಲೆಯೇ ಕೈಹಾಕಬೇಕು.

೧. ಏರ್ ಫಿಲ್ಟರು. ಈ ಸೀಮೆಯಲ್ಲಿ ರಾಗಿಯ ಒಕ್ಕಣೆಯ ಕಾಲದಲ್ಲಿ ಹೊಟ್ಟು ಮತ್ತು ಧೂಳು ಗಾಳಿಯಲ್ಲಿ ತುಂಬಿರುವುವು. ಕಣದ ಪಕ್ಕದಲ್ಲಿ ದಿನವೂ ಓಡಾಡುವ ಗಾಡಿಯ ಫಿಲ್ಟರು ಕೈಪಿಡಿಯಲ್ಲಿ ಹೇಳಿದ ಅವಧಿಗೆ ಮುಂಚೆಯೇ ಕಟ್ಟುವುದು. ಉಸಿರು ಕಟ್ಟಿದ ಟರ್ಬೊವು ಗಾಳಿಯನ್ನು ಸಮನಾಗಿ ಒತ್ತಲಾರದು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು, ನೆಲಕ್ಕೆ ಬಡಿಯಬಾರದು. ಕೈಪಿಡಿಯು ಒಪ್ಪಿದ್ದರೆ ಮಾತ್ರ ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಬಹುದು. ಇಲ್ಲವಾದರೆ ಹೊಸದನ್ನು ಹಾಕಬೇಕು. ಟ್ರ್ಯಾಕ್ಟರುಗಳಲ್ಲಿರುವ ಎರಡನೆಯ ಒಳಫಿಲ್ಟರನ್ನು ಶುಚಿಮಾಡದೆ ಬದಲಿಸತಕ್ಕದ್ದು. ಫಿಲ್ಟರಿಲ್ಲದೆ ಗಾಡಿಯನ್ನು ಒಂದು ಫರ್ಲಾಂಗೂ ಓಡಿಸಬಾರದು; ಅತಿವೇಗದಿಂದ ತಿರುಗುವ ಚಕ್ರಕ್ಕೆ ಮರಳಿನ ಕಣವೂ ಗುಂಡಿನಂತೆ ತಗಲುವುದು.

೨. ಒತ್ತುಗಾಳಿಯ ಕೊಳವೆಗಳು. ಟರ್ಬೊದಿಂದ ಇಂಟರ್‌ಕೂಲರಿಗೂ, ಅಲ್ಲಿಂದ ಯಂತ್ರಕ್ಕೂ ಹೋಗುವ ರಬ್ಬರು ಕೊಳವೆಗಳು ಸೀಳಿರುವುದು ಅಥವಾ ಬಿಗಿಪಟ್ಟಿ ಸಡಿಲವಾಗಿರುವುದು ಪದೇ ಪದೇ ಕಾಣುವ ಕಾರಣ. ಕಪಿಲೆಯ ಚರ್ಮದ ಚೀಲಕ್ಕೆ ತೂತು ಬಿದ್ದರೆ ಎತ್ತುಗಳು ಎಷ್ಟು ಎಳೆದರೂ ನೀರು ಮೇಲಕ್ಕೆ ಬಾರದಷ್ಟೆ? ಇದೂ ಹಾಗೆಯೇ. ಯಂತ್ರವು ಸುಮ್ಮನೆ ತಿರುಗುತ್ತಿರುವಾಗ ಒತ್ತಡ ಕಡಿಮೆಯಿರುವುದರಿಂದ ಸೀಳು ಮುಚ್ಚಿಕೊಂಡಿರಬಹುದು. ಹೇರಿನಲ್ಲಿ ಮಾತ್ರ ತೆರೆದು ಸಿಳ್ಳಿನಂಥ ಸದ್ದು ಬರುವುದು. ಆದಕಾರಣ ಕೊಳವೆಯ ಕೆಳಭಾಗವನ್ನೂ ಬೆರಳಿನಿಂದ ಸವರಿ ನೋಡಬೇಕು. ಕೂಡುಗಳಲ್ಲಿ ಎಣ್ಣೆಮಿಶ್ರಿತ ಮಸಿ ಸಿಡಿದಿದ್ದರೆ ಅಲ್ಲಿ ಸೋರಿಕೆಯುಂಟು. ಕಾಣದ ಸೋರಿಕೆಯನ್ನು ಕಾರ್ಖಾನೆಯಲ್ಲಿ ಒತ್ತಡದ ಪರೀಕ್ಷೆಯಿಂದ ಕಂಡುಹಿಡಿಯಬಹುದು.

೩. ಇಂಧನ. ಮನೆಯಲ್ಲಿ ಪೀಪಾಯಿಯಲ್ಲಿಟ್ಟ ಡೀಸೆಲ್ಲನ್ನು ತುಂಬುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅರ್ಧ ಖಾಲಿಯಾದ ಪೀಪಾಯಿಯಲ್ಲಿ ರಾತ್ರಿಯ ತಂಪಿಗೆ ತೇವವು ನೀರಾಗಿ ತಳಸೇರುವುದು. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಸ್ವಲ್ಪ ಡೀಸೆಲ್ಲನ್ನು ಗಾಜಿನ ಪಾತ್ರೆಯಲ್ಲಿ ಹಿಡಿದಿಟ್ಟರೆ ನೀರು ಕೆಳಗೆ ಬೇರೆಯಾಗಿ ನಿಲ್ಲುವುದು. ಫಿಲ್ಟರು ಕಟ್ಟಿದ್ದರೆ ಹೆಚ್ಚು ಇಂಧನ ಬೇಕಾದಾಗ ಮಾತ್ರ ಬಲ ಕುಂದಿ, ಪೆಡಲನ್ನು ಸಡಿಲಿಸಿದೊಡನೆ ಚೇತರಿಸುವುದು. ಟ್ಯಾಂಕಿನಿಂದ ಬರುವ ಕೊಳವೆಯಲ್ಲಿ ಗಾಳಿಯ ಗುಳ್ಳೆ ಸೇರುತ್ತಿದ್ದರೂ ಇದೇ ಲಕ್ಷಣ. ಆದರೆ ಯಂತ್ರದ ಮೇಲ್ಭಾಗದ ಅಧಿಕ ಒತ್ತಡದ ಇಂಧನ ಕೊಳವೆಗಳನ್ನು ರೈತರು ಮುಟ್ಟಕೂಡದು. ಈಗಿನ ಡೀಸೆಲ್ ಯಂತ್ರಗಳಲ್ಲಿ ಅಲ್ಲಿಯ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಸಾವಿರ ಪಾಲಿಗೂ ಮಿಕ್ಕಿರುವುದು. ಕೂದಲೆಳೆಯಷ್ಟು ಧಾರೆಯೂ ಚರ್ಮವನ್ನು ಭೇದಿಸಿ ಒಳಹೊಗುವುದು.

೪. ಒತ್ತಡದ ನಿಯಂತ್ರಣ. ವೇಸ್ಟ್‌ಗೇಟನ್ನಾಗಲಿ ರೆಕ್ಕೆಗಳನ್ನಾಗಲಿ ಆಡಿಸುವುದಕ್ಕೆ ಕೆಲವು ಗಾಡಿಗಳಲ್ಲಿ ನಿರ್ವಾತದ ಸಣ್ಣ ಕೊಳವೆಗಳಿರುತ್ತವೆ. ಇವು ಕಾವಿಗೆ ಒಣಗಿ ಬಿರಿಯುವುವು; ಕೆಲವು ಅಡಿ ಹೊಸ ಕೊಳವೆಯಿಂದ ರೋಗವು ವಾಸಿಯಾಗುವುದುಂಟು. ರೆಕ್ಕೆಗಳು ಮಸಿ ಹಿಡಿದು ತಡವರಿಸಿದರೆ ಒತ್ತಡವು ಮಿತಿಮೀರುವುದು. ಪೆಟ್ಟಿಗೆಯು ಇಂಧನವನ್ನು ತಗ್ಗಿಸುವುದು. ಒತ್ತಡ ಇಳಿದೊಡನೆ ಪುನಃ ಬಿಡುವುದು. ಅಲೆಯಂಥ ನಡೆಗೆ ಇದು ಸ್ಪಷ್ಟವಾದ ಕಾರಣ. ಸದಾ ನಿಧಾನವಾಗಿ, ಸ್ವಲ್ಪ ದೂರ ಮಾತ್ರ ಓಡುವ ಗಾಡಿಗಳಲ್ಲಿ ಮಸಿ ಹೆಚ್ಚು.

೫. ಸೆನ್ಸರುಗಳು ಮತ್ತು ಹೊಗೆ ಮರುಬಳಕೆಯ ಕವಾಟ. ಗಾಳಿಯನ್ನಳೆಯುವ ಸೆನ್ಸರಿಗೆ ಧೂಳೂ, ಒತ್ತಡವನ್ನಳೆಯುವ ಸೆನ್ಸರಿಗೆ ಎಣ್ಣೆಮಸಿಯೂ ಅಂಟಿದರೆ ತಪ್ಪು ಲೆಕ್ಕ ಬರುವುದು. ತಕ್ಕಡಿಯೇ ಸುಳ್ಳಾದರೆ ವ್ಯಾಪಾರಿಯ ಪ್ರಾಮಾಣಿಕತೆಯಿಂದ ಪ್ರಯೋಜನವೇನು? ಇವನ್ನು ಅದಕ್ಕೆಂದೇ ಮಾಡಿದ ದ್ರವದಿಂದ ಮಾತ್ರ ಶುಚಿಮಾಡಬೇಕು. ಬಟ್ಟೆಯಿಂದ ಉಜ್ಜಿದರೆ ಸೂಕ್ಷ್ಮವಾದ ತಂತಿಯು ಹಾಳಾಗುವುದು. ಹೊಗೆ ಮರುಬಳಕೆಯ ಕವಾಟವು ತೆರೆದೇ ಕಚ್ಚಿಕೊಂಡರೆ ಹೊಸಗಾಳಿಗೆ ಸ್ಥಳವಿಲ್ಲದೆ ಬಲ ಕುಂದುವುದು.

೬. ಮಸಿಸೋಸುಕ. ೨೦೨೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಕೊಳವೆಯೊಳಗೆ ಮಸಿಯನ್ನು ಹಿಡಿಯುವ ಸೋಸುಕವಿರುತ್ತದೆ. ಹಿಡಿದ ಮಸಿಯನ್ನು ಅದು ಸುಮಾರು ೬೦೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟು ಶುಚಿಯಾಗುವುದು. ಊರಿಂದ ಸಂತೆಗೆ ಕೇವಲ ಎರಡು ಮೈಲಿ ಓಡಿ ನಿಲ್ಲುವ ಗಾಡಿಯಲ್ಲಿ ಆ ಕಾವು ಬಾರದೆ ಸೋಸುಕವು ಕಟ್ಟಿ, ಹೊಗೆಯು ಹೊರಹೋಗಲಾರದೆ ಟರ್ಬೊ ತೊಡರುವುದು. ಸೂಚನಾದೀಪವು ಹೊತ್ತಿದೊಡನೆ ಕೈಪಿಡಿಯ ಪ್ರಕಾರ ಹೆದ್ದಾರಿಯಲ್ಲಿ ಡಾಬಸ್‌ಪೇಟೆಯ ಕಡೆಗೋ ಶಿರಾದ ಕಡೆಗೋ ಸಮವೇಗದಿಂದ ಸ್ವಲ್ಪ ಹೊತ್ತು ಓಡಿಸುವುದು ಲೇಸು.

೭. ಪೆಟ್ರೋಲ್ ಟರ್ಬೊ. ಒತ್ತಿದ ಗಾಳಿಯಲ್ಲಿ ಕಿಡಿ ಹಾರಿಸುವುದು ಕಷ್ಟ. ಸವೆದ ಸ್ಪಾರ್ಕ್ ಪ್ಲಗ್ ಅಥವಾ ಸೊರಗಿದ ಕಾಯಿಲ್ ಸಾಧಾರಣ ನಡೆಯಲ್ಲಿ ಸರಿಯಾಗಿದ್ದು, ಒತ್ತಡ ಏರಿದಾಗ ಮಾತ್ರ ಕಿಡಿ ತಪ್ಪುವುದು. ಪೆಟ್ರೋಲ್ ಗಾಡಿಯಲ್ಲಿ ಏರ್ ಫಿಲ್ಟರಿನ ತರುವಾಯ ಇದನ್ನೇ ನೋಡತಕ್ಕದ್ದು.

೮. ಕಡೆಯದಾಗಿ ಟರ್ಬೊ. ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಟರ್ಬೊವನ್ನು ಸಂಶಯಿಸಬೇಕು. ದಂಡವು ಪಕ್ಕಕ್ಕೆ ಅತಿ ಸ್ವಲ್ಪ ಅಲುಗುವುದು ಸಹಜ. ಹಿಂದುಮುಂದಕ್ಕೆ ಅಲುಗಿದರೆ, ರೆಕ್ಕೆಗಳು ಗೋಡೆಗೆ ತಗಲಿದರೆ, ಕೊಳವೆಯಲ್ಲಿ ಎಣ್ಣೆ ನಿಂತಿದ್ದರೆ ಅದು ಕೆಟ್ಟಿದೆಯೆಂದು ತಿಳಿಯಬೇಕು. ಅಂಥ ಗಾಡಿಯನ್ನು ಓಡಿಸಬಾರದು. ಸೋರಿದ ಎಣ್ಣೆಯನ್ನೇ ಇಂಧನವಾಗಿ ಕುಡಿದು ಡೀಸೆಲ್ ಯಂತ್ರವು ಕೀಲಿ ತಿರುಗಿಸಿದರೂ ನಿಲ್ಲದೆ ಹುಚ್ಚೆದ್ದು ತಿರುಗುವುದುಂಟು.

ಕಾರ್ಖಾನೆಗೆ ಒಯ್ದಾಗ ಸ್ಕ್ಯಾನರ್ ಉಪಕರಣದಿಂದ ದೋಷಸಂಖ್ಯೆಗಳನ್ನು ಮಾತ್ರ ಓದಿಸಿದರೆ ಸಾಲದು. ಗಾಡಿಯನ್ನು ಹೇರಿನೊಡನೆ ಓಡಿಸುತ್ತ, ಪೆಟ್ಟಿಗೆಯು ಕೇಳಿದ ಒತ್ತಡವೆಷ್ಟು, ದೊರೆತ ಒತ್ತಡವೆಷ್ಟು ಎಂಬುದನ್ನು ಹೋಲಿಸಿ ನೋಡಲು ಕೇಳಿಕೊಳ್ಳಬೇಕು. ದೊರೆತದ್ದು ಕಡಿಮೆಯಾದರೆ ಸೋರಿಕೆ ಅಥವಾ ತಡೆ. ಹೆಚ್ಚಾದರೆ ನಿಯಂತ್ರಣದ ದೋಷ. ಎರಡೂ ಸರಿಯಿದ್ದು ಬಲ ಕುಂದಿದರೆ ಇಂಧನದ ದೋಷ. ಈ ಒಂದು ಹೋಲಿಕೆಯಿಂದ ಅನೇಕ ಅನಾವಶ್ಯಕ ಖರ್ಚುಗಳು ತಪ್ಪುವುವು.

ರೈತರು ಅನುಸರಿಸಬೇಕಾದ ಎಚ್ಚರಿಕೆಗಳು

ರಾಗಿ ಮತ್ತು ಹುರುಳಿಯ ಹುಲ್ಲನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವ ಪದ್ಧತಿಯು ಇನ್ನೂ ನಿಂತಿಲ್ಲ. ಇದರ ಹೊಟ್ಟು ಫಿಲ್ಟರನ್ನು ಕಟ್ಟುವುದಲ್ಲದೆ, ಹುಲ್ಲು ಗಾಡಿಯ ಅಡಿಯಲ್ಲಿ ಸುತ್ತಿಕೊಂಡು ಕೆಂಡದಂತೆ ಕಾದ ಹೊಗೆಕೊಳವೆಗೆ ತಗಲಿ ಬೆಂಕಿ ಹತ್ತುವುದು. ದ್ವಿಚಕ್ರ ಸವಾರರು ಜಾರಿಬೀಳುವರು. ಒಕ್ಕಣೆಯು ಕಣದಲ್ಲಿಯೇ ಅಥವಾ ಒಕ್ಕಣೆಯಂತ್ರದಲ್ಲಿಯೇ ಆಗತಕ್ಕದ್ದು. ಸೋಸುಕವು ಮಸಿ ಸುಡುತ್ತಿರುವಾಗ ಒಣಹುಲ್ಲಿನ ಮೇಲೆ ಅಥವಾ ಬಣವೆಯ ಪಕ್ಕದಲ್ಲಿ ಗಾಡಿಯನ್ನು ಎಂದಿಗೂ ನಿಲ್ಲಿಸಕೂಡದು.

ಏರನ್ನು ಹತ್ತಿಬಂದ ಗಾಡಿಯನ್ನು ತಟ್ಟನೆ ಆರಿಸದೆ ಒಂದೆರಡು ನಿಮಿಷ ಸುಮ್ಮನೆ ತಿರುಗಲು ಬಿಟ್ಟರೆ ಎಣ್ಣೆಯು ಹರಿದು ಟರ್ಬೊ ತಣಿಯುವುದು. ಎಂಜಿನ್ ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿದ ಜಾತಿಯದನ್ನೇ, ಹೇಳಿದ ಅವಧಿಗೆ ಬದಲಿಸಬೇಕು. ಬಲದ ಏರಿಳಿತವು ತೋರಿದ ದಿನದಿಂದ ದೋಷ ತೀರುವ ತನಕ ಹೆದ್ದಾರಿಯಲ್ಲಿ ಇತರ ವಾಹನಗಳನ್ನು ದಾಟುವ ಸಾಹಸಕ್ಕೆ ಕೈಹಾಕದೆ ಎಡಬದಿಯಲ್ಲಿ ನಿಧಾನವಾಗಿ ಚಲಿಸುವುದು ಕ್ಷೇಮಕರ. ಫಸಲು ಒಂದು ತಾಸು ತಡವಾಗಿ ಪೇಟೆ ಸೇರಿದರೆ ಆಗುವ ನಷ್ಟವು ಅಲ್ಪ. ಗಾಡಿಯಲ್ಲಿ ಕುಳಿತವರು ಸುಖವಾಗಿ ಮನೆಗೆ ಹಿಂದಿರುಗುವುದು ಮುಖ್ಯ.